ಚರಂಡಿಯಲ್ಲಿ ಹುಡುಕಿದ ಸೊಳ್ಳೆ ದಂಬೆಯಲ್ಲಿ ಸಿಕ್ಕಿತು

2024ರ ಜೂನ್ ಕೊನೆಯ ವಾರ. ಮಳೆ ಹಿಡಿದು ಮೂರು ವಾರ ಆಗಿತ್ತು. ಬಟ್ಟೆ ಒಣಗುತ್ತಿರಲಿಲ್ಲ, ಗೋಡೆ ಬೆವರುತ್ತಿತ್ತು. ಮಂಗಳೂರಿನ ಮಾಮೂಲಿ ಮಳೆಗಾಲ. ಜೆಪ್ಪು ಕಡೆಯ ನಮ್ಮ ಅಡ್ಡರಸ್ತೆಯಲ್ಲಿ ಮೊದಲು ಮಲಗಿದ್ದು ನಮ್ಮದೇ ಕಟ್ಟಡದ ಎರಡನೇ ಮಹಡಿಯ ಹೈಸ್ಕೂಲ್ ಹುಡುಗ. ಕಣ್ಣಿನ ಹಿಂದೆ ನೋವು, ಮೈಕೈ ಮುರಿದ ಹಾಗೆ ನೋವು, ಇಳಿಯದ ಜ್ವರ. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದರು. ಎನ್‌ಎಸ್1 ಪಾಸಿಟಿವ್ ಬಂತು. ಡೆಂಗ್ಯೂ.

ಅದೇ ವಾರ ವಾಚ್‌ಮನ್‌ಗೂ ಜ್ವರ. ಅವನದ್ದು ಬೇರೆ ತರ. ಮಧ್ಯಾಹ್ನ ಗಡಗಡ ನಡುಗಿ ಎರಡು ಕಂಬಳಿ ಹೊದ್ದು ಮಲಗುತ್ತಿದ್ದ. ಸಂಜೆ ಬೆವರಿ, ಎದ್ದು ಬಂದು ಗೇಟಿನ ಹತ್ತಿರ ಕೂರುತ್ತಿದ್ದ. ಮಾರನೇ ದಿನ ಏನೂ ಇಲ್ಲ. ಅದರ ಮಾರನೇ ದಿನ ಮತ್ತೆ ಅದೇ ಹೊತ್ತಿಗೆ ನಡುಕ. ವೆನ್‌ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈವಾಕ್ಸ್ ಮಲೇರಿಯಾ ಅಂದರು. ಒಡಿಶಾದವನು, ಇಲ್ಲಿಗೆ ಬಂದು ಐದು ತಿಂಗಳಾಗಿತ್ತು.

ನಾನು ಆ ಕಟ್ಟಡದ ಅಸೋಸಿಯೇಷನ್ ಸೆಕ್ರೆಟರಿ. ಸಂಬಳ ಇಲ್ಲ, ಬೈಗುಳ ಮಾತ್ರ ಖಾಯಂ. ಮುಂದಿನ ಮೂರು ತಿಂಗಳಲ್ಲಿ ನಮ್ಮ ರಸ್ತೆಯಲ್ಲಿ ಏನಾಯಿತು, ಎಲ್ಲಿ ಎಡವಿದೆವು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಎಡವಿದ್ದರಲ್ಲಿ ದೊಡ್ಡ ಪಾಲು ನನ್ನದೇ.

ರಸ್ತೆ ಅಂದರೆ ಉದ್ದ ಇನ್ನೂರು ಮೀಟರ್ ಕೂಡ ಇಲ್ಲ. ಒಂದು ಕಡೆ ನಮ್ಮ ನಾಲ್ಕು ಮಹಡಿಯ ಕಟ್ಟಡ. ಎದುರು ಸಾಲಿನಲ್ಲಿ ಹಳೆ ಹೆಂಚಿನ ಮನೆಗಳು. ಅದರಲ್ಲಿ ಒಂದಕ್ಕೆ ವರ್ಷವಿಡೀ ಬೀಗ, ಮನೆಯವರು ದುಬೈಯಲ್ಲಿ. ರಸ್ತೆ ಮುಗಿಯುವಲ್ಲಿ ಅರ್ಧ ಎದ್ದು ನಿಂತ ಕಾಮಗಾರಿ. ಇವೆಲ್ಲದರ ಪಕ್ಕ ಒಂದು ತೆರೆದ ಚರಂಡಿ. ನಾವು ಮೊದಲು ಬೆರಳು ತೋರಿಸಿದ್ದು ಆ ಚರಂಡಿಗೆ.

ಹೊಗೆ ಬಂತು, ಹೋಯಿತು

ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ಬೇಡಿಕೆ. ಚರಂಡಿ ಕ್ಲೀನ್ ಮಾಡಿಸಿ. ಹೊಗೆ ಹೊಡೆಸಿ. ಜನರ ಹೆದರಿಕೆಗೆ ಕಾರಣ ಇತ್ತು. 2019ರ ಜುಲೈಯಲ್ಲಿ ಗುಜ್ಜರಕೆರೆ ಸುತ್ತ ಡೆಂಗ್ಯೂ ಹಬ್ಬಿದ್ದು ಎಲ್ಲರಿಗೂ ನೆನಪಿತ್ತು. ನಮ್ಮಲ್ಲಿಂದ ಅದು ನಡೆದು ಹೋಗುವ ದೂರ. ನಾನೂ ಚರಂಡಿಯ ಹನ್ನೊಂದು ಫೋಟೋ ತೆಗೆದು ದೂರು ಕೊಟ್ಟೆ. ಚರಂಡಿ ಬಿಡಿಸಿದರು. ಒಂದು ಸಂಜೆ ಹೊಗೆಯ ಯಂತ್ರವೂ ಬಂತು.

ಮಕ್ಕಳು ಹೊಗೆಯ ಹಿಂದೆ ಓಡಿದರು. ದೊಡ್ಡವರು ವಾಸನೆ ಬರುತ್ತದೆ ಅಂತ ಕಿಟಕಿ ಬಾಗಿಲು ಗಟ್ಟಿ ಹಾಕಿಕೊಂಡರು. ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇರುವುದೇ ಮನೆಯೊಳಗೆ. ಮಂಚದ ಅಡಿ, ಕಪಾಟಿನ ಸಂದು, ನೇತು ಹಾಕಿದ ಬಟ್ಟೆ, ಹೀಗೆ ಕತ್ತಲು ಇರುವಲ್ಲಿ ಕೂತಿರುತ್ತದೆ. ಹೊಗೆ ತಾಗಿದರೆ ಹಾರುವ ಸೊಳ್ಳೆ ಸಾಯುತ್ತದೆ, ನಿಜ. ರೋಗಿ ಇರುವ ಮನೆಯ ಸುತ್ತ ಆ ಹೊತ್ತಿಗೆ ಅದರಿಂದ ಉಪಯೋಗವೂ ಇದೆ. ಆದರೆ ನೀರಿನಲ್ಲಿ ಇರುವ ಮರಿಗೆ ಹೊಗೆ ಎಂತ ಮಾಡುತ್ತದೆ? ಮೊಟ್ಟೆ ಸೊಳ್ಳೆಯಾಗುವುದಕ್ಕೆ ಏಳರಿಂದ ಹತ್ತು ದಿನ ಸಾಕು. ಇವತ್ತು ಸತ್ತದ್ದರ ಜಾಗಕ್ಕೆ ಮುಂದಿನ ವಾರ ಹೊಸತು ಎದ್ದು ಬರುತ್ತದೆ.

ಹೊಗೆ ಹೊಡೆದ ನಾಲ್ಕನೇ ದಿನ ಎದುರಿನ ಹೆಂಚಿನ ಮನೆಯ ಅಕ್ಕನಿಗೆ ಜ್ವರ. ಅವರ ಬೆನ್ನಿಗೇ ಅವರ ಮಗಳಿಗೆ. ಎರಡೂ ಡೆಂಗ್ಯೂ.

ಚರಂಡಿಯದ್ದೂ ಇದೇ ಕತೆ. ಗಲೀಜು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್. ಸಂಜೆ ಆದ ಮೇಲೆ ಕಿವಿ ಹತ್ತಿರ ಗುಂಯ್ ಅಂತ ನಿದ್ದೆ ಕೆಡಿಸುವುದು ಅದೇ. ಆನೆಕಾಲು ರೋಗಕ್ಕೆ ಅದು ಕಾರಣ, ಡೆಂಗ್ಯೂಗೂ ಅಲ್ಲ, ಮಲೇರಿಯಾಕ್ಕೂ ಅಲ್ಲ. ಚರಂಡಿ ಬಿಡಿಸಿದ್ದು ಒಳ್ಳೆಯ ಕೆಲಸವೇ. ನಮ್ಮ ಜ್ವರಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ, ಅಷ್ಟೇ.

ಟ್ಯಾಂಕಿಯ ಮೇಲೆ

ಆ ಶುಕ್ರವಾರ ಬೆಳಿಗ್ಗೆ ಗೇಟಿನಲ್ಲಿ ಒಬ್ಬರು ಬಂದು ನಿಂತರು. ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬ್, ಉದ್ದ ಹಿಡಿಯ ಬಿಳಿ ಸೌಟು. ಮಲೇರಿಯಾ ತಡೆಯುವ ಕೆಲಸಕ್ಕೆ ಮನೆಮನೆ ಸುತ್ತುವವರು. ನಮ್ಮ ಕಡೆ ಇವರನ್ನು 'ಮಲೇರಿಯಾದವರು' ಅಂತಲೇ ಕರೆಯುವುದು. ನನ್ನ ಹನ್ನೊಂದು ಫೋಟೋ ನೋಡಿ ಬಂದಿರಬೇಕು ಅಂದುಕೊಂಡೆ. ಅಲ್ಲ. ವಾಚ್‌ಮನ್‌ನ ರಕ್ತದ ವರದಿ ಹಿಡಿದುಕೊಂಡು ಬಂದಿದ್ದರು.

ಇದರ ಹಿಂದೆ ಊರಿನ ಒಂದು ದೊಡ್ಡ ಕತೆ ಇದೆ. 1990ರ ದಶಕದಲ್ಲಿ ಮಂಗಳೂರಿನಲ್ಲಿ ಎತ್ತರದ ಕಟ್ಟಡಗಳು ಏಳುತ್ತಾ ಹೋದ ಹಾಗೆ ಮಲೇರಿಯಾವೂ ಏರಿತು. ಮುಂದೆ ಎಷ್ಟೋ ವರ್ಷ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದ್ದೇ. 2014ರ ಅಕ್ಟೋಬರ್‌ನಲ್ಲಿ ಇಲ್ಲಿ ಟ್ಯಾಬ್ ಹಿಡಿದು ಮಲೇರಿಯಾದ ಬೆನ್ನು ಹತ್ತುವ ಪದ್ಧತಿ ಶುರುವಾಯಿತು. ಲ್ಯಾಬಿನಲ್ಲಿ ಮಲೇರಿಯಾ ಅಂತ ಗೊತ್ತಾದರೆ ರೋಗಿಯ ವಿಳಾಸ ಕೆಲಸಗಾರರ ಟ್ಯಾಬ್‌ಗೆ ಬರುತ್ತದೆ. ಅವರು ಆ ಮನೆಗೆ ಹೋಗಬೇಕು, ಮಾತ್ರೆ ತಗೊಳ್ಳುತ್ತಿದ್ದಾರಾ ನೋಡಬೇಕು, ಅಕ್ಕಪಕ್ಕದವರ ರಕ್ತ ಪರೀಕ್ಷಿಸಬೇಕು, ಸೊಳ್ಳೆ ಹುಟ್ಟುವ ಜಾಗ ಹುಡುಕಬೇಕು. ಆಮೇಲಿನ ವರ್ಷಗಳಲ್ಲಿ ಊರಿನ ಮಲೇರಿಯಾ ತುಂಬ ಇಳಿಯಿತು. ಎಷ್ಟು ಇಳಿಯಿತು ಅಂದರೆ ನಮ್ಮಂಥವರು ಟ್ಯಾಂಕಿಯ ಮುಚ್ಚಳ ಮರೆತೇಬಿಟ್ಟೆವು.

"ಟೆರೇಸಿಗೆ ಹೋಗುವ ಸರ್," ಅಂದರು.

"ಮೇಲೆ ಎಂತ ಉಂಟು? ಸೊಳ್ಳೆ ಎಲ್ಲ ಆ ಚರಂಡಿಯಲ್ಲಿ," ಅಂದೆ.

"ಚರಂಡಿ ಆಮೇಲೆ ನೋಡುವ."

ನಮ್ಮದು ಸಿಮೆಂಟಿನ ಟ್ಯಾಂಕಿ. ಕಬ್ಬಿಣದ ಮುಚ್ಚಳ ತುಕ್ಕು ಹಿಡಿದು ಒಂದು ಮೂಲೆ ಉದುರಿ ಹೋಗಿತ್ತು. ಅದರ ಮೇಲೆ ಯಾರೋ ಒಂದು ಸಿಮೆಂಟ್ ಶೀಟಿನ ತುಂಡು ಇಟ್ಟಿದ್ದರು. ಸಾಕಾಗಿದೆ ಅಂತ ನಾನೂ ಬಿಟ್ಟಿದ್ದೆ. ಅವರು ಶೀಟು ಸರಿಸಿದರು. ಟಾರ್ಚ್ ಬಿಟ್ಟು, ನೀರು ಕದಡದ ಹಾಗೆ ಅಂಚಿನಿಂದ ಮೆಲ್ಲ ಒಂದು ಸೌಟು ತೆಗೆದರು. ಬಿಳಿ ಸೌಟಿನಲ್ಲಿ ತಿಳಿ ನೀರು. ನನಗೆ ಏನೂ ಕಾಣಲಿಲ್ಲ.

"ಸ್ವಲ್ಪ ನಿಲ್ಲಿ. ನೆರಳು ಬಿದ್ದರೆ ಕೆಳಗೆ ಹೋಗ್ತವೆ. ಈಗ ಮೇಲೆ ಬರ್ತವೆ."

ನಿಂತೆವು. ಒಂದೊಂದೇ ಮೇಲೆ ಬಂದವು. ಅಕ್ಕಿ ಕಾಳಿನ ಅರ್ಧ ಉದ್ದದ ಬೂದು ಕಡ್ಡಿಗಳು. ನೀರಿನ ಮೇಲ್ಮೈಗೆ ಅಂಟಿಕೊಂಡು ಚಪ್ಪಟೆ ಮಲಗಿದವು. ಬೆರಳು ತಾಗಿಸಿದರೆ ಹಿಂದಕ್ಕೆ ಜಾರುತ್ತವೆ. ಇದು ಅನಾಫಿಲಿಸ್, ಮಲೇರಿಯಾದ ಸೊಳ್ಳೆಯ ಜಾತಿ. ಇದಕ್ಕೆ ಉಸಿರು ಎಳೆಯುವ ಕೊಳವೆ ಇಲ್ಲ, ಹಾಗಾಗಿ ಮೈಯನ್ನೇ ನೀರಿನ ಮೇಲ್ಮೈಗೆ ತಾಗಿಸಿ ಮಲಗಬೇಕು. ಈಡಿಸ್, ಕ್ಯೂಲೆಕ್ಸ್ ಮರಿಗೆ ಬಾಲದ ಕಡೆ ಕೊಳವೆ ಇದೆ. ಅವು ತಲೆ ಕೆಳಗೆ ಮಾಡಿ ನೇತಾಡುತ್ತವೆ. ಮಲಗಿದರೆ ಮಲೇರಿಯಾದ್ದು, ನೇತಾಡಿದರೆ ಬೇರೆಯದ್ದು. ಅಷ್ಟು ನೆನಪಿಟ್ಟುಕೊಂಡರೆ ಸಾಕು ಅಂದರು.

ಊರಿನ ಮಲೇರಿಯಾಕ್ಕೆ ಮುಖ್ಯ ಕಾರಣ ಅನಾಫಿಲಿಸ್ ಸ್ಟೀಫೆನ್ಸಿ ಅನ್ನುವ ಪೇಟೆಯ ಸೊಳ್ಳೆ. ಟ್ಯಾಂಕಿ, ಬಾವಿ, ಕಾಮಗಾರಿಯಲ್ಲಿ ನಿಲ್ಲಿಸಿದ ನೀರು, ಎಲ್ಲ ತಿಳಿ ನೀರೇ ಅದಕ್ಕೆ ಬೇಕು. ವಾಚ್‌ಮನ್‌ನ ಕೋಣೆ ಆ ಟ್ಯಾಂಕಿಯ ನೇರ ಕೆಳಗೆ. ಅವನು ಮಲೇರಿಯಾ ಎಲ್ಲಿಂದ ತಂದನೋ. ಅವನ ರಕ್ತ ಕುಡಿದು ಇನ್ನೊಬ್ಬರಿಗೆ ಹಚ್ಚುವ ಸೊಳ್ಳೆಯನ್ನು ಸಾಕಿದ್ದು ಮಾತ್ರ ನಾವು. ನಾನು ಕುಡಿಯುವ, ಅನ್ನಕ್ಕೆ ಇಡುವ ನೀರಿನಲ್ಲಿ.

ಅವತ್ತೇ ಟ್ಯಾಂಕಿ ಖಾಲಿ ಮಾಡಿ ತೊಳೆಸಿದೆವು. ಎರಡು ದಿನದಲ್ಲಿ ಹೊಸ ಮುಚ್ಚಳ ಬಂತು. ಟ್ಯಾಂಕಿ ತುಂಬಿದರೆ ನೀರು ಹೊರಗೆ ಬೀಳುವ ಪೈಪಿನ ಬಾಯಿಗೆ ನೈಲಾನ್ ಬಲೆ ಕಟ್ಟಿದೆವು. ಆ ಪೈಪಿನ ಬಗ್ಗೆ ಯಾರೂ ಯೋಚನೆ ಮಾಡಿರುವುದಿಲ್ಲ, ಆದರೆ ಸೊಳ್ಳೆಗೆ ಅದು ಹೆಬ್ಬಾಗಿಲು. ಎಲ್ಲ ಸೇರಿ ಆದ ಖರ್ಚು ಕಟ್ಟಡದವರಿಗೆ ಹಂಚಿದರೆ, ಮಳೆಗಾಲದ ರೇಟಿನಲ್ಲಿ ಮನೆಗೆ ನಾಲ್ಕು ಬಂಗುಡೆಯ ದುಡ್ಡು ಇರಬಹುದು. ಸುತ್ತಿನವರ ರಕ್ತ ಪರೀಕ್ಷೆ ಮಾಡಿದರು. ಇನ್ನೊಂದು ಮಲೇರಿಯಾ ಸಿಗಲಿಲ್ಲ.

ಡೆಂಗ್ಯೂ ಮಾತ್ರ ನಿಲ್ಲಲಿಲ್ಲ.

ಭಾನುವಾರದ ಸುತ್ತು

ಮಲೇರಿಯಾದವರು ಹೋಗುವಾಗ ಒಂದು ಮಾತು ಹೇಳಿದ್ದರು. ಈಡಿಸ್ ದೂರ ಹಾರುವುದಿಲ್ಲ, ಹೆಚ್ಚೆಂದರೆ ಕೆಲವು ನೂರು ಮೀಟರ್. ಹಾಗಾದರೆ ನಮ್ಮನ್ನು ಕಚ್ಚಿದ್ದು ನಮ್ಮ ರಸ್ತೆಯಲ್ಲೇ ಹುಟ್ಟಿದ್ದು. ಪಕ್ಕದ ವಾರ್ಡಿನವರನ್ನು ಬೈಯುವ ಅವಕಾಶವೂ ಹೋಯಿತು.

ಜುಲೈ 7ರ ಭಾನುವಾರ ಮೊದಲ ಸುತ್ತು. ನಾನು, ಮೂರನೇ ಮಹಡಿಯ ರಿಟೈರ್ಡ್ ಟೀಚರ್, ಒಬ್ಬ ಕಾಲೇಜು ಹುಡುಗ. ನಾನು ಬಾಗಿಲು ತಟ್ಟಿ "ಲಾರ್ವಾ ಸಮೀಕ್ಷೆಗೆ ಬಂದಿದ್ದೇವೆ" ಅಂದೆ. ಮೊದಲ ಮನೆಯಲ್ಲೇ ಪೆಟ್ಟು ಬಿತ್ತು. "ನಮ್ಮ ಮನೆಯಲ್ಲಿ ಎಂತ ಸೊಳ್ಳೆ ಮಾರಾಯ್ರೆ? ನಾವು ದಿನಾ ನೆಲ ಒರೆಸುದು!" ಬಾಗಿಲು ಹಾಕಿಕೊಂಡರು. ಎರಡನೇ ಮನೆಯಿಂದ ಟೀಚರ್ ಮಾತಿಗೆ ಇಳಿದರು. "ಅಕ್ಕ, ನಮ್ಮ ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ ಸಿಕ್ಕಿತು. ನಾಚಿಕೆ ಆಯ್ತು. ನಿಮ್ಮದೂ ಒಮ್ಮೆ ನೋಡುವನಾ?" ಅಂತ ಹೇಳಿ ಟಾರ್ಚನ್ನು ಮನೆಯವರ ಕೈಗೇ ಕೊಟ್ಟರು. ಅಷ್ಟರಲ್ಲಿ ವ್ಯತ್ಯಾಸ ಆಯಿತು. ಕೈಯಲ್ಲಿ ಟಾರ್ಚ್ ಇದ್ದವರು ತಾವೇ ಬಗ್ಗಿ ನೋಡುತ್ತಾರೆ, ತಾವೇ ಅಯ್ಯೋ ಅನ್ನುತ್ತಾರೆ. ನಾನು ಸೆಕ್ರೆಟರಿಯಾಗಿ ಆರು ವರ್ಷದಲ್ಲಿ ಕಲಿಯದ್ದನ್ನು ಅವತ್ತು ಕಲಿತೆ.

ಮೂವತ್ತನಾಲ್ಕು ಮನೆ ನೋಡಿದೆವು. ಹನ್ನೊಂದರಲ್ಲಿ ಮರಿ. ಫ್ರಿಜ್ಜಿನ ಟ್ರೇ, ಹೂವಿನ ಚಟ್ಟಿಯ ಅಡಿಯ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಹಿತ್ತಿಲಿನ ಗೆರಟೆ. ಆದರೆ ಜಾಸ್ತಿ ಸಿಕ್ಕಿದ್ದು ಟರ್ಪಾಲಿನಲ್ಲಿ. ಮಳೆಗಾಲ ಬಂದರೆ ನಾವು ಕರಾವಳಿಯವರು ಸ್ಕೂಟರಿಗೆ, ಸೌದೆಗೆ, ಬಾವಿಕಟ್ಟೆಗೆ, ಎಲ್ಲದಕ್ಕೂ ಟರ್ಪಾಲು ಹೊದೆಸುತ್ತೇವೆ. ಅದರ ಒಂದೊಂದು ಮಡಿಕೆಯಲ್ಲಿ ಒಂದೊಂದು ಲೋಟ ನೀರು.

ಎಲ್ಲ ಚೆಲ್ಲಿ ಬಂದೆವು. ಗ್ರೂಪಿನಲ್ಲಿ ಫೋಟೋ ಹಾಕಿದೆ, ಹೆಬ್ಬೆರಳುಗಳು ಸಾಲಾಗಿ ಬಂದವು. ಮುಂದಿನ ಭಾನುವಾರ ನೋಡಿದರೆ ಒಂಬತ್ತು ಮನೆಯಲ್ಲಿ ಮತ್ತೆ ಮರಿ. ಅದೇ ಟ್ರೇ, ಅದೇ ತಟ್ಟೆ.

ತಪ್ಪಿದ್ದು ಇಲ್ಲಿ. ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒದ್ದೆ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಮತ್ತೆ ನೀರು ತಾಗಿದರೆ ಒಡೆಯುತ್ತದೆ. ಹಾಗಾಗಿ ಚೆಲ್ಲಿದರೆ ಸಾಲದು, ಉಜ್ಜಬೇಕು. ಎರಡನೇ ವಾರದಿಂದ ಟೀಚರ್ ಚೀಲದಲ್ಲಿ ತೆಂಗಿನ ನಾರಿನ ಉಂಡೆಗಳೂ ಬಂದವು. ಮನೆಗೊಂದು.

ಬೀಗ ಹಾಕಿದ ಮನೆಯದ್ದು ತಲೆನೋವು. ಅಂಗಳದಲ್ಲಿ ತೆರೆದ ಬಾವಿ, ಬಳಕೆ ಇಲ್ಲ. ದುಬೈಗೆ ವಿಡಿಯೋ ಕಾಲ್ ಮಾಡಿದೆವು. ಅವರಿಗೆ ಮೊದಲು ಸಂಶಯ, ನಾವು ಜಾಗದ ವಿಷಯಕ್ಕೆ ಬಂದಿದ್ದೇವೆ ಅಂತ. ಬಾವಿಯ ನೀರು ಸೌಟಿನಲ್ಲಿ ತೆಗೆದು ಕ್ಯಾಮೆರಾಕ್ಕೆ ಹಿಡಿದ ಮೇಲೆ ಒಪ್ಪಿದರು. ಆರೋಗ್ಯ ಕೇಂದ್ರದಿಂದ ಗಪ್ಪಿ ಮೀನು ತಂದು ಬಿಟ್ಟೆವು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಹಾಗಾಗಿ ಬೇಗ ಹೆಚ್ಚುತ್ತದೆ. ಇದನ್ನು ಬಾವಿ, ತೊಟ್ಟಿಗೆ ಮಾತ್ರ ಬಿಡಬೇಕು. ಹೊಳೆಗೋ ಕೆರೆಗೋ ಬಿಟ್ಟರೆ ಊರಿನ ಮೀನುಗಳಿಗೆ ಕಂಟಕ.

ಕಾಮಗಾರಿಯಲ್ಲಿ ಲಿಫ್ಟಿಗೆ ತೆಗೆದ ಗುಂಡಿ, ಸೊಂಟದವರೆಗೆ ನೀರು. ಸೈಟ್ ಎಂಜಿನಿಯರ್ ಒಳ್ಳೆಯ ಹುಡುಗ, ಆದರೆ ಪಂಪು ತರಿಸುವುದಕ್ಕೆ ಅವನಿಗೆ ಮೇಲಿನವರ ಒಪ್ಪಿಗೆ ಬೇಕು. ಅದು ಬರುವುದಕ್ಕೆ ಮೂರು ವಾರ. ಅಲ್ಲಿಯವರೆಗೆ ಮಲೇರಿಯಾದವರು ಮರಿ ಕೊಲ್ಲುವ ಟೆಮಿಫಾಸ್ ಔಷಧ ಹಾಕಿ ಹೋಗುತ್ತಿದ್ದರು. ಸೆಪ್ಟೆಂಬರ್ ಆರಂಭದಲ್ಲಿ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಸೂಚಿಸಿ ದಂಡದ ನಿಯಮ ತಂದಿತು. ಪೇಟೆಯ ಮನೆಗೆ 400 ರೂಪಾಯಿ, ಕೆಲಸ ನಡೆಯುವ ಕಾಮಗಾರಿಗೆ 2,000. ದಂಡ ಇರುವುದು ಒಳ್ಳೆಯದೇ. ಆದರೆ ಮನೆಗೆ 400 ಅಂದರೆ ಉರಿಯುತ್ತದೆ, ಬಿಲ್ಡರಿಗೆ 2,000 ಅಂದರೆ ಒಂದು ದಿನದ ಚಹಾ ಖರ್ಚು.

ತೆಂಗಿನ ಮರದಿಂದ ಕಂಡದ್ದು

ಜುಲೈ ನಡುವಿಗೆ ರಸ್ತೆಯಲ್ಲಿ ಡೆಂಗ್ಯೂ ಆರು ಜನರಿಗೆ. ಅದರಲ್ಲಿ ನಾಲ್ವರು ನಮ್ಮ ಕಟ್ಟಡದವರು. ಇಷ್ಟು ಉಜ್ಜಿದ ಮೇಲೂ ಯಾಕೆ ನಮ್ಮಲ್ಲೇ? ಗ್ರೂಪಿನಲ್ಲಿ ಮಾತು ಶುರುವಾಯಿತು. "ಸುಮ್ನೆ ಟೈಮ್ ವೇಸ್ಟ್. ಮತ್ತೆ ಹೊಗೆ ಹೊಡೆಸಿ."

ಒಂದು ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಪಾರ್ಕಿಂಗ್ ಮೇಲೆ ಬಾಗಿದ ತೆಂಗಿನ ಮರದ ಒಣ ಮಡಲು ಕಾರಿನ ಮೇಲೆ ಬೀಳುವ ಹಾಗಿತ್ತು. ಮರ ಹತ್ತುವ ಅಣ್ಣನನ್ನು ಕರೆಸಿದೆ. ಅರ್ಧ ಗಂಟೆಯಲ್ಲಿ ಮರದ ತಲೆಯಿಂದ ಕೂಗು. "ಸರ್, ನಿಮ್ಮ ದಂಬೆಯಲ್ಲಿ ಮೀನು ಸಾಕಬಹುದು! ಅಷ್ಟು ನೀರುಂಟು!"

ಇಲ್ಲಿನ ಕಟ್ಟಡಗಳನ್ನು ನೋಡಿದವರಿಗೆ ಗೊತ್ತು. ಟೆರೇಸ್ ಸೋರುತ್ತದೆ ಅಂತ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತೇವೆ. ಶೀಟಿನ ಅಂಚಿಗೆ ಮಳೆನೀರು ಹಿಡಿಯಲು ತಗಡಿನ ದಂಬೆ. ಕೂರಿಸಿದವರು ಗಟರ್ ಅಂತಾರೆ. ಟೆರೇಸಿನಲ್ಲಿ ನಿಂತರೆ ಅದರ ಹೊಟ್ಟೆ ಕಾಣುತ್ತದೆ, ಒಳಗೆ ಕಾಣುವುದಿಲ್ಲ. ಕೆಳಗಿನಿಂದಲಂತೂ ಇಲ್ಲವೇ ಇಲ್ಲ. ತೆಂಗಿನ ಮರದಿಂದ ಮಾತ್ರ ಕಾಣುತ್ತದೆ.

ಏಣಿ ಇಟ್ಟು ಹತ್ತಿದೆ. ಪಕ್ಕದ ಮನೆಯ ಮಾವಿನ ಎಲೆ ಪೈಪಿನ ಬಾಯಿಗೆ ಕಟ್ಟಿತ್ತು. ಭಾರಕ್ಕೆ ದಂಬೆ ನಡುವೆ ಜೋತು ಬಿದ್ದಿತ್ತು. ಅಲ್ಲಿ ಒಂದು ಗೇಣು ಆಳಕ್ಕೆ ಚಹಾದ ಬಣ್ಣದ ನೀರು, ಕೊಳೆತ ಎಲೆ. ಕೈ ಅಡ್ಡ ಬಂದ ಕೂಡಲೇ ನೀರೆಲ್ಲ ಕುದಿದ ಹಾಗೆ ಅಲುಗಾಡಿತು. ನಿಧಾನಕ್ಕೆ ಮೇಲೆ ಬಂದವು ನೂರಾರು, ತಲೆ ಕೆಳಗೆ, ಬಾಲ ಮೇಲೆ. ನಡುವೆ ಅಲ್ಪವಿರಾಮದ ಹಾಗೆ ಸುರುಟಿದ ಕೋಶಗಳು, ಅಂದರೆ ಇನ್ನೆರಡು ದಿನದಲ್ಲಿ ಹಾರಲು ತಯಾರಾದವು. ನಾವು ಮೂವರು ಭಾನುವಾರ ಭಾನುವಾರ ಮನೆಗಳಲ್ಲಿ ಲೋಟದ ಲೆಕ್ಕದಲ್ಲಿ ಚೆಲ್ಲುತ್ತಿದ್ದೆವು. ಇಲ್ಲಿ ಬಾಲ್ದಿ ಲೆಕ್ಕದಲ್ಲಿ ತಯಾರಾಗುತ್ತಿತ್ತು. ಟ್ಯಾಂಕಿ ತೊಳೆಸಿದ ದಿನ ನಾನು ನಿಂತಿದ್ದು ಈ ದಂಬೆಯಿಂದ ಎಂಟು ಅಡಿ ದೂರದಲ್ಲಿ.

ಅವತ್ತು ಸಂಜೆಯೇ ಎಲೆ ತೆಗೆಸಿ, ತೊಳೆಸಿ, ಜೋತು ಬಿದ್ದಲ್ಲಿ ತೂತು ಕೊರೆಸಿದೆವು. ಆದರೂ ಮುಂದಿನ ಎರಡು ವಾರದಲ್ಲಿ ಇನ್ನಿಬ್ಬರಿಗೆ ಜ್ವರ ಬಂತು. ಗ್ರೂಪಿನಲ್ಲಿ ಮತ್ತೆ ಹೊಗೆಯ ಮಾತು. ಆಗ ಲೆಕ್ಕ ಹಾಕಿ ಹೇಳಬೇಕಾಯಿತು. ಆಗಲೇ ಹಾರಿಹೋದ ಸೊಳ್ಳೆ ಎರಡು ಮೂರು ವಾರ ಬದುಕುತ್ತದೆ. ಅದು ಕಚ್ಚಿದ ಮೇಲೆ ಜ್ವರ ಕಾಣಲು ನಾಲ್ಕರಿಂದ ಹತ್ತು ದಿನ. ಇವತ್ತಿನ ಕೆಲಸದ ಫಲ ಮುಂದಿನ ತಿಂಗಳು ಕಾಣುತ್ತದೆ. ಇದನ್ನು ಮೊದಲೇ ಹೇಳಿಡದಿದ್ದರೆ ಜನ ಎರಡನೇ ವಾರಕ್ಕೆ ಕೈಬಿಡುತ್ತಾರೆ. ನಾನು ಹೇಳಿಟ್ಟಿರಲಿಲ್ಲ. ಆಗಸ್ಟ್ ಮೊದಲ ವಾರದ ನಂತರ ಹೊಸ ಡೆಂಗ್ಯೂ ಬರಲಿಲ್ಲ. ಒಟ್ಟು ಎಂಟು ಜನ. ಇಬ್ಬರು ಆಸ್ಪತ್ರೆ ಸೇರಿದ್ದರು, ಎಲ್ಲರೂ ಗುಣವಾದರು. ರಾತ್ರಿಯ ಗುಂಯ್ ಮಾತ್ರ ನಿಂತಿಲ್ಲ, ಅದು ಕ್ಯೂಲೆಕ್ಸ್. ಹಾಗಾಗಿ ಕೆಲವರ ಪ್ರಕಾರ ನಾವು ಮಾಡಿದ್ದು ಏನೂ ಇಲ್ಲ.

ಹದಿನಾಲ್ಕು ದಿನದ ಮಾತ್ರೆ

ಸೆಪ್ಟೆಂಬರ್ ನಡುವೆ ವಾಚ್‌ಮನ್ ಮತ್ತೆ ಕಂಬಳಿ ಹೊದ್ದ. ಮತ್ತೆ ವೈವಾಕ್ಸ್.

ಹೊಸ ಸೊಳ್ಳೆ ಎಲ್ಲಿಂದ ಬಂತು ಅಂತ ಟೀಚರ್ ಟಾರ್ಚ್ ಹಿಡಿದು ಹೊರಟೇಬಿಟ್ಟರು. ಹೊಸ ಸೊಳ್ಳೆ ಬೇಕಿರಲಿಲ್ಲ. ವೈವಾಕ್ಸ್‌ನ ರೋಗಾಣು ರಕ್ತದಿಂದ ಹೋದರೂ ಯಕೃತ್ತಿನಲ್ಲಿ ಸುಮ್ಮನೆ ಮಲಗಿರುತ್ತದೆ, ವಾರ ತಿಂಗಳು ಬಿಟ್ಟು ಏಳುತ್ತದೆ. ಮೂರು ದಿನದ ಕ್ಲೋರೋಕ್ವಿನ್‌ಗೆ ಜ್ವರ ಬಿಡುತ್ತದೆ. ಮಲಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಹದಿನಾಲ್ಕು ದಿನ ನುಂಗಬೇಕು. ಅದೂ ವೈದ್ಯರು ಹೇಳಿದ ಮೇಲೆ ಮಾತ್ರ. ಜಿ6ಪಿಡಿ ಅನ್ನುವ ಕಿಣ್ವ ಕಮ್ಮಿ ಇರುವವರಿಗೆ ಆ ಮಾತ್ರೆ ಕೆಂಪು ರಕ್ತಕಣ ಒಡೆಯುತ್ತದೆ, ಗರ್ಭಿಣಿಯರಿಗೆ ಕೊಡುವ ಹಾಗೇ ಇಲ್ಲ. ಇವನಿಗೆ ಆ ತೊಂದರೆ ಇರಲಿಲ್ಲ. ಮಾತ್ರೆ ಕೊಟ್ಟಿದ್ದರು. ಐದು ದಿನ ನುಂಗಿದ. ಜ್ವರ ಬಿಟ್ಟಿತು, ಮತ್ತೆ ಯಾಕೆ ಅಂತ ಉಳಿದದ್ದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟ.

ಜುಲೈಯಲ್ಲಿ ಮಲೇರಿಯಾದವರು ನನಗೆ ಎರಡು ಸಲ ಫೋನ್ ಮಾಡಿದ್ದರು. "ಮಾತ್ರೆ ತಗೊಳ್ತಿದ್ದಾನಾ ಸರ್?" ನಾನು ಫ್ರಿಜ್ಜಿನ ಟ್ರೇಗಳ ಗಡಿಬಿಡಿಯಲ್ಲಿದ್ದೆ. "ತಗೊಳ್ತಾ ಇದ್ದಾನೆ, ತಗೊಳ್ತಾ ಇದ್ದಾನೆ," ಅಂದಿದ್ದೆ. ಮೂವತ್ತನಾಲ್ಕು ಮನೆಯ ಚಟ್ಟಿ ಎತ್ತಿ ನೋಡಿದವನು, ವಾಚ್‌ಮನ್‌ನ ಕೋಣೆಗೆ ಹೋಗಿ ಒಂದು ಮಾತ್ರೆಯ ಪಟ್ಟಿ ನೋಡಲಿಲ್ಲ.

ಎರಡನೇ ಸಲ ದಿನಾ ರಾತ್ರಿ ಊಟದ ಮೇಲೆ ನನ್ನ ಎದುರೇ ನುಂಗಿದ. ಟೀಚರ್ ಅವನ ಕ್ಯಾಲೆಂಡರಿನಲ್ಲೇ ಗೀಟು ಹಾಕುತ್ತಾ ಹೋದರು. ಹದಿನಾಲ್ಕು ಗೀಟು ಆಯಿತು.

ದಂಬೆಯ ಕತೆ ಇನ್ನೂ ಮುಗಿದಿಲ್ಲ. ಮುಂದಿನ ಮಳೆಗಾಲದ ಮೊದಲು, ಮೇ ತಿಂಗಳಲ್ಲಿ ಅದನ್ನು ಪೂರ್ತಿ ಕಿತ್ತು ತೆಗೆಸಿದೆವು. ವರ್ಷವರ್ಷ ಏಣಿ ಹತ್ತುವವರು ಯಾರು? ಈಗ ಶೀಟಿನ ನೀರು ನೇರ ಕೆಳಗೆ ಬೀಳುತ್ತದೆ, ನೆಲಮಹಡಿಯವರ ಸ್ಕೂಟರಿನ ಸೀಟಿನ ಮೇಲೆ. ಅವರು ಅದಕ್ಕೊಂದು ಟರ್ಪಾಲು ಹೊದೆಸಿದ್ದಾರೆ. ಭಾನುವಾರ ಅದರ ಮಡಿಕೆ ಬಿಡಿಸಿ ನೀರು ಚೆಲ್ಲುವುದು ನನ್ನ ಪಾಲಿಗೆ ಬಂದ ಕೆಲಸ. ಅವರು ಕಿಟಕಿಯಿಂದ ನೋಡುತ್ತಿರುತ್ತಾರೆ, ಮಾತಾಡುವುದಿಲ್ಲ.